ಚೀಲ ತುಂಬಿದರೆ ದೀಪ

ಬಿ.ಎಂ. ರಸ್ತೆಯ ಅಂಗಡಿಯಲ್ಲಿ ಮೂರು ಯಂತ್ರ
ಸೊಂಡಿಲು ಮಡಚಿ ಸಾಲಾಗಿ ಕೂತಿದ್ದವು.
ನಲವತ್ತೆರಡು ಸಾವಿರ. ಐವತ್ತೊಂದು.
ಮೂರನೆಯದರ ಚೀಟಿಯನ್ನು ಬೆರಳಲ್ಲಿ ಮುಚ್ಚಿಕೊಂಡೇ
ಹುಡುಗ ಮಾತು ಶುರುಮಾಡಿದ.

ಯೋಗಾನಂದ, ಎದೆಯ ಪಟ್ಟಿಯಲ್ಲಿ ಹೆಸರು.
ಜಮಖಾನದ ತುಂಡಿನ ಮೇಲೆ ಒಂದು ಹಿಡಿ ರಂಗೋಲಿ ಪುಡಿ ಚೆಲ್ಲಿ
ಗುಂಡಿ ಒತ್ತಿದ. ಪುಡಿ ಇಲ್ಲ.
‘ನೋಡಿದ್ರಾ ಮೇಡಂ?’
ನೋಡಿದೆ. ರಂಗೋಲಿ ಪುಡಿ ಪಾಪದ್ದು,
ಯಾರು ಕರೆದರೂ ಹೋಗುತ್ತದೆ.
ನಾನು ಪಿಂಜಾರರ ಮನೆಯವಳು.
ಧೂಳಿನ ಹಟ ನನಗೆ ಗೊತ್ತು.

ಪರ್ಸಿನಿಂದ ಕರವಸ್ತ್ರ ತೆಗೆದು ಗಂಟು ಬಿಚ್ಚಿದೆ:
ಹಳೇ ಹಾಸಿಗೆಯ ಹೊಲಿಗೆ ಸಂದಿಯಿಂದ ಕಿತ್ತ
ಅರಳೆಯ ನವಿರು, ಮುಟ್ಟಿದ್ದಕ್ಕೆಲ್ಲ ಅಂಟುವಂಥದ್ದು.
‘ಇದನ್ನ ಎಳೀಲಿ.’

ಮೊದಲನೆಯದು ಬಾಯಿ ಕಟ್ಟಿಕೊಂಡು ಊಳಿಟ್ಟಿತು.
ಎರಡನೆಯದು ನುಂಗಿತು, ಆದರೆ ಅದರ ಹೊಟ್ಟೆ ಗಾಜಿನ ಹಾಗೆ,
ತಿಂದದ್ದೆಲ್ಲ ಒಳಗೆ ಸುತ್ತುವುದು ಕಾಣುತ್ತದೆ,
ತುಂಬಿದ ಮೇಲೆ ಕೈಯಾರೆ ಕೊಡವಬೇಕು.
ಕೊಡವುವುದಾದರೆ ಎಳೆದದ್ದೇಕೆ?
ತಸ್ಮಿಯಾಳ ಎದೆ ಸಿಳ್ಳು ಹಾಕಲು
ಆ ಒಂದು ಕೊಡವು ಸಾಕು.

ಮೂರನೆಯದು ಹೊತ್ತಿಕೊಂಡಾಗ ಕಣ್ಣು ಮುಚ್ಚಿದೆ.
ಅಪ್ಪನ ಬಿಲ್ಲಿನ ‘ಟಂಯ್’ ಅಲ್ಲ ಅದು,
ಟಂಯ್ ಮುಗಿದ ಮೇಲೆ
ಗೋಡೆಯಲ್ಲಿ ಸ್ವಲ್ಪ ಹೊತ್ತು ಉಳಿಯುತ್ತಿತ್ತಲ್ಲ, ಅದು.

ಪೆನ್ಷನ್ ಮೊಹಲ್ಲಾದ ಒಂದೇ ಕೋಣೆ.
ಊರಿಗೆ ಬುಡೇನ್ ಸಾಬ್, ನಮಗೆ ಅಪ್ಪ,
ಅವನು ಹಿಂಜತೊಡಗಿದರೆ ಒಳಗೆ ಮೋಡ.
ಆ ಮೋಡದಲ್ಲಿ ಕೂತು ನಾವು ಮಗ್ಗಿ ಹೇಳುತ್ತಿದ್ದೆವು.
ರೆಪ್ಪೆಗೆ, ಲಾಟೀನಿಗೆ, ಸಾರಿನ ಮುಚ್ಚಳಕ್ಕೆ ಒಂದೇ ಬಿಳುಪು.
ಹಾಸನದ ಎಷ್ಟೋ ಮದುವೆಗಳು
ಅವನ ಹಾಸಿಗೆಯ ಮೇಲೆ ಮಲಗಿ ಎದ್ದವು.

‘ಇದರೊಳಗೆ ಚೀಲ ಇದೆ ಮೇಡಂ, ಐದು ಪದರ.
ಹೋದ ಧೂಳು ವಾಪಸ್ ಬರೋ ಮಾತೇ ಇಲ್ಲ.
ತುಂಬಿದ್ರೆ ಇಲ್ಲಿ ಕೆಂಪು ದೀಪ ಹತ್ತುತ್ತೆ,
ಚೀಲ ಬದಲಾಯಿಸಿದ್ರಾಯ್ತು.’

ಬದಲಾಯಿಸಿದರಾಯಿತು.
ನಮ್ಮ ಮನೆಯಲ್ಲೂ ಚೀಲ ಇತ್ತಪ್ಪಾ ಯೋಗಾನಂದ,
ಒಂದಲ್ಲ ಎರಡು, ಅಂಗಿಯ ಒಳಗೆ,
ಎಡಕ್ಕೊಂದು ಬಲಕ್ಕೊಂದು.
ಹೋದ ಧೂಳು ಅಲ್ಲಿಂದಲೂ ವಾಪಸ್ ಬರಲಿಲ್ಲ.
ತುಂಬಿತೆಂದು ಹೇಳಲು ದೀಪ ಇರಲಿಲ್ಲ, ಕೆಮ್ಮಿತ್ತು.
ಬೀದಿ ತಿರುವಿನಲ್ಲಿ ಅದು ಕೇಳಿದರೆ
ಅಮ್ಮ ಒಲೆಗೆ ಅನ್ನ ಇಡುತ್ತಿದ್ದಳು. ಅಷ್ಟೇ.

ಇದನ್ನೆಲ್ಲ ಅವನಿಗೆ ಹೇಳಲಿಲ್ಲ.
‘ಎತ್ತಿ ನೋಡ್ಲಾ?’ ಅಂದೆ.
ಎತ್ತಿದೆ. ಏಳು ಕಿಲೋ, ಒಂಟಿ ಹಾಸಿಗೆಗೆ ಒಂದು ಕಿಲೋ ಕಡಿಮೆ.
ಇಳಿಸಿ ಎಳೆದೆ, ಗಾಲಿ ಹೊರಳಿಸಿ
ಹಿಮ್ಮಡಿಯ ಹಿಂದೆಯೇ ಬಂತು, ಕರುವಿನ ಹಾಗೆ.
ಖಜಾನೆಯ ಕಡತಗಳ ನಡುವೆ ಇಪ್ಪತ್ತು ವರ್ಷ,
ಹೀಗೆ ತಾನಾಗಿ ಹಿಂದೆ ಬಂದದ್ದು ಯಾವುದೂ ನೆನಪಿಲ್ಲ,
ಈ ಸಲದ ಹಿಂಬಾಕಿ ಸಂಬಳವೊಂದನ್ನು ಬಿಟ್ಟು.
‘ಬೆರಳು ತೆಗಿ,’ ಅಂದೆ.
ಐವತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತು.
ಆ ಹತ್ತು ರೂಪಾಯಿ ಯಾಕೆ ಬಿಟ್ಟರೋ.

ಅಮ್ಮನಿಗೆ ಇಪ್ಪತ್ತು ಅಂತ ಹೇಳಿದೆ.
ಇಪ್ಪತ್ತಕ್ಕೇ ಎರಡು ದಿನ ಮಾತು ಬಿಟ್ಟಳು.
ರಟ್ಟಿನ ಪೆಟ್ಟಿಗೆ ಮಾತ್ರ ಮಡಚಿ ಮಂಚದಡಿ ಇಟ್ಟುಕೊಂಡಳು.

ಹದಿನೆಂಟನೇ ದಿನ ದೀಪ ಹತ್ತಿತು.
ಚೀಲ ಕಸದ ಬುಟ್ಟಿ ಸೇರುವ ಮೊದಲೇ ಅಮ್ಮ ಕಸಿದಳು,
ಹಿತ್ತಲಿಗೆ ಒಯ್ದು, ಕತ್ತರಿ ತಂದು, ಹೊಟ್ಟೆ ಸೀಳಿದಳು.
ತಸ್ಮಿಯಾ ದುಪಟ್ಟಾವನ್ನು ಮೂಗಿಗೊತ್ತಿ ಮಹಡಿ ಹತ್ತಿದಳು.
ಒಳಗೆ ಬೂದು ಮುದ್ದೆ, ಮಲಗಿದ ಬೆಕ್ಕಿನಷ್ಟು ಮೆತ್ತಗೆ.
ಒಂದು ಚಿಟಿಕೆ ಕಿತ್ತು, ಬೆರಳ ನಡುವೆ ಎಳೆ ಬಿಡಿಸಿ,
ಬಿಸಿಲಿಗೆ ಹಿಡಿದು ನೋಡಿ,
ಗಿರಾಕಿಯ ಮುಂದೆ ಕೂತವಳ ದನಿಯಲ್ಲಿ ಅಂದಳು:
‘ಎಳೆ ಗಿಡ್ಡ. ಆದ್ರೂ ಹಿಂಜಿದ್ರೆ
ಒಂದು ದಿಂಬಾಗುತ್ತೆ.’