ಹರ್ನಿಯಾ

ಮಾಲಕಗ ಹೇಳಿದ್ದು ಹರ್ನಿಯಾ ಅಂತ.
ಅವ್ವಗೂ ಹರ್ನಿಯಾ.
ನಾಕು ದಿನ ಮಗ್ಗದ ಕುಣಿಗೆ ಇಳಿಯಲಿಲ್ಲ,
ಖಣದ ಹಾಸು ಅರ್ಧಕ್ಕ ನಿಂತಿತ್ತು,
ಲಾಳಿಯೊಳಗ ಕೆಂಪು ರೇಷ್ಮಿ,
ಬಾಯಿಗಿಟ್ಟ ಎಲಿ ಅಗಿಯೂದು ಮರತಂಗ.

ಗುಳೇದಗುಡ್ಡದಾಗ ಗ್ವಾಡಿಗೆ ಗ್ವಾಡಿ ಹತ್ಯಾವ.
ಒಂದು ಮನ್ಯಾಗ ಮಗ್ಗದ ಸಪ್ಪಳ ನಿಂತರ
ಬಾಜೂ ಮನ್ಯಾಗ ಕೂಸು ಏಳತೈತಿ.

ಎರಡನೇದು ಹುಟ್ಟಿದಾಗ ಕಸ್ತೂರಿಗೆ ಹೊಟ್ಟಿ ಕೊಯ್ದರು.
ಮೂರು ಬಾಟಲಿ ರಕ್ತ.
ಆರು ತಿಂಗಳ ನಗಬೇಕಂದ್ರ ಹೊಟ್ಟಿ ಹಿಡಕೋತಿದ್ದಳು,
ಹೊಲಗಿ ಬಿಚ್ಚೀತು ಅಂತ.
ಡಾಕ್ಟರಬಾಯಾರು ಅಂದರು:
ಇನ್ನ ಈಕಿ ಹೊಟ್ಟಿಗೆ ಯಾರೂ ಕತ್ತರಿ ಹಚ್ಚೂದು ಬ್ಯಾಡ.
ಅಂದು ನನ್ನ ಕಡೆ ನೋಡಿದರು.
ನಾ ಗ್ವಾಡಿ ಮ್ಯಾಲಿನ ಗಡಿಯಾರ ನೋಡಿದೆ.

ಒಂದು ವರ್ಷ ಅದನ್ನ ನೋಡಿದೆ.

ಖಾಜಾಸಾಬನ ಚಾದಂಗಡ್ಯಾಗ
ಯಾರದೋ ಸುದ್ದಿ ಅನ್ನೂವಂಗ ಮಾತು ತಗದೆ.
'ಹೋರಿ ಹೋಗಿ ಎತ್ತಾಗತೈತಿ ನೋಡು,' ಅಂದ ಒಬ್ಬ.
'ಎತ್ತಾದ್ರ ಏನಾತು, ಹೆಂಗೂ ನೊಗ ಹೆಗಲ ಮ್ಯಾಗ ಐತಿ,' ಅಂದ ಇನ್ನೊಬ್ಬ.
ನಕ್ಕರು. ನಾನೂ ನಕ್ಕೆ,
ಎಲ್ಲಾರಕಿಂತ ಜೋರಾಗಿ.
ಮಾಗುಂಡಪ್ಪ ಒಬ್ಬ ನಗಲಿಲ್ಲ.
ಮುದುಕಗ ಕಿವಿ ಮಂದ, ಅಂದುಕೊಂಡೆ.

ಅಪ್ಪ ಹೇಳತಿದ್ದ: ಆ ಕಾಲದಾಗ ಜೀಪಿನ ಸಪ್ಪಳ ಕೇಳಿದ್ರ
ಗಂಡಸರೆಲ್ಲಾ ಜ್ವಾಳದ ಹೊಲ ಹೊಕ್ಕು
ಕತ್ತಲಾಗೂತನಕ ಉಸರು ಬಿಗಿಹಿಡಿದು ಕುಂದರತಿದ್ದರಂತ.
ಹೆಂಗಸರು ಸೆರಗಿನ್ಯಾಗ ರೊಟ್ಟಿ ಮುಚ್ಚಿ ಒಯ್ತಿದ್ದರಂತ.
ಆ ಜೀಪು ತುಕ್ಕು ಹಿಡಿದು ಎಂದೋ ಹೋತು.
ನಾವು ಇನ್ನೂ ಜ್ವಾಳದಾಗ ಕುಂತೀವಿ,
ಹೆಂಗಸರು ಆಸ್ಪತ್ರಿ ನೆಲದ ಮ್ಯಾಲ
ಸಾಲು ಹಿಡಿದು ಮಲಗ್ಯಾರ.

ಮೊದಲು ಬ್ಯಾಡ ಅಂದಾಕಿ ಕಸ್ತೂರಿನ.
'ದುಡಿಯೂ ಮೈ ನಿಂದು. ಪಾವಡಿ ತುಳಿಯೂ ಕಾಲು.'
ದೀಪ ಆರಿಸಿದ ಮ್ಯಾಲ ಖರೇ ಮಾತು ಹೇಳಿದಳು:
'ಅದೇನರ ತಪ್ಪಿ ನಾ ಬಸರಾದ್ರ
ಮಂದಿ ನಿನ್ನ ಕೇಳೂದಿಲ್ಲ.'
ಆ ಕತ್ತಲದಾಗ ಗಡಿಯಾರ ಕಾಣಲಿಲ್ಲ ನನಗ.

ಬಾದಾಮಿಗೆ ಹೋದೆ. ಹತ್ತು ಮಿನಿಟಿನ ಕೆಲಸ.
ಹೆದರಿಕಿ ಮರಿಯಾಕ ಡಾಕ್ಟರನ್ನ ಕೇಳಿದೆ,
ಗಂಟು ಎಂಥಾದ್ದು ಹಾಕತೀರಿ ಸಾಹೇಬರ?
'ಎಳಿ ಕಡಿದು ಎರಡೂ ತುದಿ ಬ್ಯಾರೆ ಬ್ಯಾರೆ ಕಟ್ಟತೀವಿ.'
ಏಳನೇ ವಯಸ್ಸಿನಿಂದ ಕಡಿದ ಎಳಿ ಕೂಡಿಸಿದ ಬೆರಳು ಇವು.
ಕೂಡಬಾರದು ಅಂತ ಹಾಕೂ ಗಂಟು
ಇದೊಂದ ಕಂಡದ್ದು.

ಐದನೇ ದಿನ ಚಾದಂಗಡ್ಯಾಗ
ಮಾಗುಂಡಪ್ಪ ಸರದು ಜಾಗಾ ಕೊಟ್ಟ.
'ಹರ್ನಿಯಾ, ಹೌದಲ್ಲೋ?'
ಹೌದರಿ.
ಬಸಿಯೊಳಗಿನ ಚಾ ಊದಿದ. ಮತ್ತೊಮ್ಮೆ ಊದಿದ.
'ನಂದೂ ಹರ್ನಿಯಾನ. ಇಪ್ಪತ್ತೆರಡು ವರ್ಷಾತು.'
ಇಪ್ಪತ್ತೆರಡು ವರ್ಷ ನೂಲಿನ ಪಿಂಡಿ ಹೊತ್ತ ಹೆಗಲು
ನನ್ನ ಹೆಗಲಿಗೆ ತಾಗಿತ್ತು.
ಮತ್ತೇನೂ ಮಾತಾಡಲಿಲ್ಲ ಇಬ್ಬರೂ.
ಚಾದ ರೊಕ್ಕ ಅಂವನ ಕೊಟ್ಟ.

ಮೂರು ತಿಂಗಳಿಗೆ ತಪಾಸಣಿ.
ಸಣ್ಣ ಡಬ್ಬಿ ಅಂಗಿಯೊಳಗ ಎದಿಗೆ ಹಚ್ಚಿ
ಬಸ್ಸಿನ್ಯಾಗ ಕುಂತೆ, ಮೊಟ್ಟಿಗೆ ಕಾವು ಕೊಡೂ ಕೋಳಿಯಂಗ.
ಲ್ಯಾಬಿನ ಹುಡುಗಿ ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು
ಪಡಸಾಲಿಗೆಲ್ಲಾ ಕೇಳೂವಂಗ ಕೂಗಿ
'ಏನೂ ಇಲ್ಲ' ಅಂದಳು.
ಏನೂ ಇಲ್ಲ ಅನ್ನೂದು ಇಷ್ಟು ಚಂದ ಕೇಳಿದ್ದಿಲ್ಲ ಎಂದೂ.

ಅವ್ವ ಬನಶಂಕರಿಗೆ ಹರಕಿ ಹೊತ್ತಾಳ,
ಮೊಮ್ಮಗ ಹುಟ್ಟಿದರ ಬೆಳ್ಳಿ ತೊಟ್ಟಿಲ ಅಂತ.
ಎಣ್ಣಿ ಬತ್ತಿ ಹಿಡಕೊಂಡು ಕಸ್ತೂರಿನೂ ಹೋಗಿದ್ದಳು ಸಂಗಾಟ.
ಅವ್ವಗ ಹೆಂಗ ಹೇಳೂದೋ ಗೊತ್ತಿಲ್ಲ.
ತಿರುಗಿ ಬಂದಾಕಿ ಕುಣಿಯ ದಂಡಿಗೆ ಕುಂತು
ನನ್ನ ಮಾರಿ ನೋಡಿ ನಕ್ಕಳು,
ಎರಡೂ ಕೈ ಬಿಟ್ಟು,
ಹೊಟ್ಟಿ ಹಿಡಕೊಳ್ಳದ.