ಹೆಗಲು ಕೊಟ್ಟವರು

ಕತ್ತರಿ ಹಿಡಿವ ಮೊದಲು ಕೈಮುಗಿಯುತ್ತಾರೆ ಇಲ್ಲಿ.
ಸೋಂಖ್ಲಾ ಸೀಮೆಯ ಈ ತಣ್ಣನೆಯ ಕೋಣೆಯಲ್ಲಿ
ಹೆಣ ಎನ್ನುವುದಿಲ್ಲ ಯಾರೂ; ದೊಡ್ಡ ಗುರು ಎನ್ನುತ್ತಾರೆ,
ಮೇಜಿನ ತುದಿಗೆ ಹೆಸರು ಬರೆದಿಡುತ್ತಾರೆ:
ಪ್ರಯೂನ್, ಎಪ್ಪತ್ತೊಂದು.
ಮೀನುಬಂದರಿನಲ್ಲಿ ಐಸು ಹೊರುತ್ತಿದ್ದವನು.

ಬಲಭುಜದ ಚರ್ಮ ಬಿಡಿಸುತ್ತಾಳೆ ಪಿಕುನ್,
ಹಾಸಿಗೆ ಹಿಡಿದ ಅಜ್ಜನ ಮೈಯಿಂದ
ತೊಯ್ದ ಅಂಗಿ ತೆಗೆದ ಹಾಗೆ, ಮೆಲ್ಲಗೆ.

ಗುಂಡು, ಗುಳಿ ಎಂದಿತ್ತು ಪುಸ್ತಕ.
ಗುಳಿ ಎಲ್ಲಿ? ಬೆರಳಿಟ್ಟರೆ
ಸಾರಿನ ಚಮಚದಷ್ಟೇ ತಗ್ಗು,
ಅಂಚಿಗೆ ಮೆತ್ತನೆಯ ಬಳೆಯೊಂದು ತುಸು ಕಟ್ಟೆ ಎತ್ತರಿಸಿದೆ.
ಕೀಲೆಣ್ಣೆ ಆರಿದ ನುಣುಪು.
ಇಷ್ಟರ ಮೇಲೆ ಇಡೀ ತೋಳು!
ಸೊಂಟದ ಕೀಲು ಬಾವಿ; ಕೂತರೆ ಕೂತಲ್ಲೇ.
ಇದೋ, ಜಗಲಿಯಂಚಿಗೆ ಕೂತು ಕಾಲಾಡಿಸುವ ಹುಡುಗ,
ಎಲ್ಲ ದಿಕ್ಕಿಗೂ ತಿರುಗಬೇಕು, ಬೀಳಲೂಬಾರದು.

ಹೆಗಲ ಹಲಗೆಯೂ ಬೆನ್ನಿಗೆ ಬೆಸೆದದ್ದಲ್ಲ,
ಮಾಂಸದಲ್ಲಿ ತೇಲುವ ದೋಣಿ.
ದಡಕ್ಕೆ ತಾಗಿದ್ದು
ಕೊರಳೆಲುಬೆಂಬ ಒಂದೇ ಒಂದು ಗಳು.

ಹಾಗಾದರೆ ಹಿಡಿದವರು ಯಾರು?
ನಾಲ್ವರು.
ಪಕ್ಕೆಲುಬಿಗೂ ಹಲಗೆಗೂ ನಡುವೆ ಅಡಗಿದವನೊಬ್ಬ,
ಹಿಂದೆ ಇಬ್ಬರು, ಅಣ್ಣತಮ್ಮಂದಿರಂತೆ ಒತ್ತಿಕೊಂಡು,
ಮೇಲೊಬ್ಬ, ಎಲುಬಿನ ಸೂರಿನಡಿ ತಲೆ ತಗ್ಗಿಸಿ ನುಸುಳುವವನು.
ಹೆಗಲಿಗೇ ಹೆಗಲು ಕೊಟ್ಟವರು.

ಮೇಲಿನವನನ್ನು ಹುಡುಕುತ್ತಾಳೆ ಪಿಕುನ್.
ಸಿಕ್ಕಿದ್ದು ಹಳೆ ಹಗ್ಗದ ಜುಂಗು.
ಹರಿದದ್ದು ಇಂದು ನಿನ್ನೆಯಲ್ಲ, ತುದಿ ಸವೆದು ದುಂಡಗಾಗಿದೆ;
ಸೂರಿನ ಒಳಮೈಯಲ್ಲಿ
ಎಲುಬು ಎಲುಬನ್ನು ತೇದ ಹೊಳಪು.
"ಇಷ್ಟು ವರ್ಷ?"
ಯಾರೂ ಉತ್ತರಿಸುವುದಿಲ್ಲ. ಕರಗುವ ಮುಂಚೆ
ಐಸು ದೋಣಿ ಮುಟ್ಟಬೇಕಿತ್ತು, ಅಷ್ಟೆ.
ಅವಳು ಬರೆದುಕೊಂಡದ್ದು: ಬಲಗಡೆ, ಪೂರ್ತಿ ಹರಿದಿದೆ.
ಬರೆಯದೆ ಬಿಟ್ಟದ್ದು: ಉಳಿದವರು ದಪ್ಪಗಾಗಿದ್ದರು.

ವರ್ಷ ಮುಗಿದ ಮೇಲೆ ದಹನ.
ಬಿಳಿ ಪೆಟ್ಟಿಗೆ, ಸುಡುಮನೆಗೆ ಎಡಸುತ್ತು ಮೂರು.
ಹುಡುಗರು ಮೂವರು, ಎತ್ತರದವರು; ನಾಲ್ಕನೆಯ ಮೂಲೆಗೆ
ನಾನೇ ಎಂದಳು ಪಿಕುನ್. ಗಿಡ್ಡಿ. ಹೆಗಲು ಎಟುಕಲಿಲ್ಲ.
ಓರೆಯಾಗಿಯೇ ಹೊರಟಿತು ಪೆಟ್ಟಿಗೆ.
ಎರಡನೆಯ ಸುತ್ತಿಗೆ ಅವನ ಮಗಳು,
ಬಂದರಿನಲ್ಲಿ ಸಿಗಡಿ ಸುಲಿಯುವವಳು, ಓಡಿಬಂದು
ಚೌಕಳಿ ಪಂಚೆಯನ್ನು ಎಂಟು ಮಡಿಕೆ ಮಡಚಿ
ಅವಳ ಹೆಗಲ ಮೇಲಿಟ್ಟಳು.
"ಅಪ್ಪ ಹೀಗೇ ಇಟ್ಟುಕೊಳ್ಳುತ್ತಿದ್ದ."