ಹುರಿ

ಹಾಸನದ ದೊಡ್ಡಾಸ್ಪತ್ರೆ. ಡೇ ಕೇರ್ ವಾರ್ಡಿನ ಹಿಂದೆ
ಗಾಜಿನ ಪೆಟ್ಟಿಗೆಯೊಳಗೆ ಕೈ ತೂರಿ, ಎರಡೆರಡು ಗವಸು ತೊಟ್ಟು
ಮದ್ದು ಬೆರೆಸುವುದು ನನ್ನ ಕೆಲಸ.
ಗಜನಿಂಬೆ ಸಿಪ್ಪೆಯ ಬಣ್ಣ.
ಲೇಬಲ್ ಯಂತ್ರಕ್ಕೆ ಉದ್ದ ಹೆಸರು ಹಿಡಿಸದು:
ಖಮರು ಒಂದು ಸಾಲು, ನ್ನೀಸಾ ಇನ್ನೊಂದು.
ಪ್ರತಿ ಸಲ ಪೆನ್ನಿನಲ್ಲಿ ಗೆರೆ ಎಳೆದು ಕೂಡಿಸುತ್ತೇನೆ.

ಅರಸೀಕೆರೆಯಿಂದ ಬೆಳಗಿನ ರೈಲಿಗೆ ಬರುತ್ತಾರೆ.
ನಲವತ್ತು ವರ್ಷ ತೆಂಗಿನ ನಾರು ಹೊಸೆದ ಕೈ;
ಸಿಸ್ಟರ್ ಜಸಿಂತಾ ತಟ್ಟಿ ತಟ್ಟಿ ಸೋಲುತ್ತಾರೆ,
ನರ ಸಿಗುವುದಿಲ್ಲ.
"ಏನು ಮಾಡ್ತದೆ ಮಗಾ ಇದು, ಒಳಗೋಗಿ?"

ಓದಿದ್ದನ್ನು ಹೇಳಿದೆ.
ಕಣ್ಣಿಗೆ ಕಾಣದ ಒಂದೊಂದು ಜೀವಕೋಶದಲ್ಲೂ
ಮಾರುದ್ದದ ಹಗ್ಗ, ಎರಡೆಳೆಯದು.
ನಕಲು ತೆಗೆಯಲು ಇಲ್ಲಿ ಬಿಚ್ಚಿದರೆ
ಮುಂದೆ ಹುರಿ ಏರುತ್ತದೆ.
ಮುಗಿಸುವ ಮೊದಲೇ ಅವರ ಬೆರಳು
ಗಾಳಿಯಲ್ಲಿ ತಿರುಗಿ ಮಡಚಿಕೊಂಡಿತು:
"ತನ್ನ ಮೈಮೇಲೆ ತಾನೇ ಹತ್ತಿ ಕೂರ್ತದೆ, ಗೊತ್ತು.
ಆಮೇಲೆ ರಾಟೆ ಒಂದು ಸುತ್ತೂ ಹೋಗಲ್ಲ."

ಅದಕ್ಕೇ ಒಬ್ಬ ಆಳಿದ್ದಾನೆ. ಟೊಪೊಐಸೊಮರೇಸ್.
(ನನ್ನ ನಾಲಿಗೆಗೇ ಗಂಟು ಬೀಳುವ ಹೆಸರು.)
ಒಂದೆಳೆ ಕತ್ತರಿಸುತ್ತಾನೆ, ತುದಿ ಬಿಡದೆ ಹಿಡಿದಿರುತ್ತಾನೆ,
ಅಷ್ಟರಲ್ಲಿ ಹುರಿ ಗಿರ್ರನೆ ಇಳಿಯುತ್ತದೆ.
ಗುರುತು ಸಿಗದ ಹಾಗೆ ಮತ್ತೆ ಬೆಸೆದು ಮುಂದಕ್ಕೆ.
ಈ ಮದ್ದು ಕಾದಿರುತ್ತದೆ ಅಮ್ಮ,
ಕತ್ತರಿಸಿ ಆದಮೇಲೆ, ಬೆಸೆಯುವ ಮುಂಚೆ
ಆ ಸಂದಿಗೆ ನುಗ್ಗಿ
ಅವನ ಕೈ ಹಿಡಿಯುತ್ತದೆ.
ನಕಲಿನ ಬಂಡಿ ಬರುತ್ತದೆ, ತೆರೆದ ಎಳೆ, ಡಿಕ್ಕಿ.

ಹನಿ ಬೀಳುವುದನ್ನೇ ನೋಡುತ್ತಿದ್ದರು.
"ಕೈ ಹಿಡಿದು ಕೊಲ್ಲೋದು ಅನ್ನು."
ಸೆರಗು ಸರಿಸಿ ಬೋಳುತಲೆ ಸವರಿಕೊಂಡು:
"ಕೂದಲಿನದೂ ಹಿಡೀತಲ್ಲ. ಯಾರ ಕೈ ಅಂತ ನೋಡಲ್ವಾ?"
ನೋಡುವುದಿಲ್ಲ.
ಅವಸರದಲ್ಲಿ ಹೊಸೆಯುವವರ ಕೈಯೆಲ್ಲ ಅದಕ್ಕೆ ಒಂದೇ.

ನಾಲ್ಕನೆಯ ವಾರ ಮರದ ಮಾತು ಬಂತು.
ಸಕಲೇಶಪುರದಾಚೆಯ ಕಾಡಿನಲ್ಲಿ ದುರ್ವಾಸನೆ ಮರ,
ಹೂ ಬಿಟ್ಟರೆ ಮೂಗು ಮುಚ್ಚಬೇಕು.
ಈ ಮದ್ದಿನ ಮೂಲ ಅಂಥ ಮರದ ಮೈಯಲ್ಲಿದೆ;
ತೊಗಟೆ ಸುಲಿದು ರಾತ್ರಿ ಲಾರಿ ತುಂಬುವವರಿದ್ದಾರೆ.
"ಮತ್ತೆ ಮರಕ್ಕೇನೂ ಆಗಲ್ವಾ?
ಅದರೊಳಗೂ ಹಗ್ಗ ಐತಲ್ಲ."

ಮನೆಗೆ ಹೋಗಿ ಓದಿಕೊಂಡು ಬರಬೇಕಾಯಿತು.
ಮರ ತನ್ನ ಆಳಿನ ಬೆರಳಿನಲ್ಲಿ
ಒಂದು ಗೆಣ್ಣು ಬದಲಿಸಿಕೊಂಡಿದೆ. ಒಂದೇ ಒಂದು.
ಮದ್ದಿಗೆ ಹಿಡಿತ ಸಿಗದು.
ವಿಷದ ಕೊಡದೊಳಗೇ ಕೂತು ನೆಮ್ಮದಿಯಾಗಿ ಹೊಸೆಯುತ್ತದೆ.
"ಶಾಭಾಸ್!" ತೊಡೆ ತಟ್ಟಿದರು,
ಸಲೈನ್ ಕೊಳವೆ ಅಲುಗಿತು, ಸಿಸ್ಟರ್ ಗದರಿದರು.
ಆ ಪುಟದಲ್ಲಿ ಇನ್ನೊಂದು ಸಾಲಿತ್ತು.
ನಾನು ಹೇಳಲಿಲ್ಲ.

ಸ್ಕ್ಯಾನ್ ಬಂತು. ನೆಲ್ಲಿಯಷ್ಟಿದ್ದದ್ದು ನಿಂಬೆಯಷ್ಟಾಗಿದೆ.
ನನ್ನ ಮುಖ ನೋಡಿ ಅವರೇ ಅಂದರು:
"ಮರಕ್ಕೆ ಬಂದ ಬುದ್ಧಿ ಇದಕ್ಕೂ ಬಂತೇನೋ."
ಇರಬಹುದು. ಗಡ್ಡೆಗೆ ಬೇರೆ ದಾರಿಗಳೂ ಗೊತ್ತು,
ಯಾವುದೆಂದು ಇಲ್ಲಿ ಯಾರೂ ಬಿಡಿಸಿ ನೋಡುವುದಿಲ್ಲ.

ಇವತ್ತಿನ ಚೀಟಿಯಲ್ಲಿ ಬೇರೆ ಮದ್ದು, ಸೀಸೆಯಲ್ಲಿ ಕೆಂಪು.
ಲೇಬಲ್ಲಿನ ಗೆರೆ ತುಸು ಸೊಟ್ಟಗಾಯಿತು.
"ಇದು ಯಾರ ಕೈ ಹಿಡೀತದೆ?"
ಇನ್ನೊಬ್ಬನಿದ್ದಾನೆ ಅಮ್ಮ,
ಎರಡೂ ಎಳೆ ಒಟ್ಟಿಗೆ ಕತ್ತರಿಸಿ
ಆ ಬಾಯೊಳಗೆ ಹಗ್ಗವನ್ನೇ ದಾಟಿಸುವವನು.
"ಎರಡೂನಾ!"
ಹುಬ್ಬು ಉದುರಿದ ಹಣೆ ಮೇಲೇರಿತು.
ಹೊಸ ಹುಡುಗಿ ರಾಟೆಗೆ ನಿಂತಾಗ ಹೇಳುತ್ತಿದ್ದ ದನಿಯಿರಬೇಕು ಅದು,
ನನಗೋ ಅವನಿಗೋ:
"ಬೆರಳು ಜೋಪಾನ, ಮಗಾ."